ಬಲಗಿವಿಗೆ ಬಿದ್ದ ಗಾಳ

ಸೆಪ್ಟೆಂಬರಿನ ಕೊನೆಯ ಶನಿವಾರ ದಾಟಿದರೆ ಮಾರ್ಚ್‌ವರೆಗೆ ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಹಿಡಿಯುವಂತಿಲ್ಲ. ಅದಕ್ಕೆ ಮುಂಚಿನ ಶನಿವಾರಗಳನ್ನು ಆಫೀಸಿನ ಕೆಲಸವೂ ಚಂಡಮಾರುತವೂ ನುಂಗಿದ್ದವು. ಹಾಗಾಗಿ ಆ ಕೊನೆಯ ಶನಿವಾರ ನಾವಿರುವ ಇಚಿಕಾವಾದಿಂದ ಮೊದಲ ರೈಲಿಗೇ ಹೊರಟೆ. ಜೊತೆಗೆ ಗಂಡ. ಅವನಿಗೆ ಮೀನೂ ಬೇಡ, ಹೊಳೆಯೂ ಬೇಡ. ಆ ಕಡೆ ಕರಡಿ ಕಾಣಿಸಿಕೊಂಡಿದೆ ಎಂದು ಓದಿ ಹಟ ಹಿಡಿದು ಬಂದಿದ್ದ. ಸದ್ದಿಗೆ ಕರಡಿ ದೂರ ಹೋಗಲಿ ಎಂದು ಬ್ಯಾಗಿಗೆ ಗಂಟೆ ಬೇರೆ ಕಟ್ಟಿಕೊಂಡಿದ್ದ. ಎಲ್ಲರೂ ತೂಕಡಿಸುವ ರೈಲಿನಲ್ಲಿ ಅದು ಟಿಣ್ ಎಂದಾಗಲೆಲ್ಲ ನಾನು ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತ ಕೂತೆ.

ಈ ಹುಚ್ಚು ನಮ್ಮವರಿಗೆ ಅರ್ಥವಾಗುವುದಿಲ್ಲ. ಕೊಕ್ಕೆಗೆ ಗರಿ, ದಾರ ಸುತ್ತಿ ನೊಣದ ಹಾಗೆ ಮಾಡಬೇಕು. ಅದು ತಾನಾಗಿ ಹಾರಿಬಂದು ನೀರಿನ ಮೇಲೆ ಕೂತಿತು ಎಂದು ಮೀನು ನಂಬಬೇಕು. ಅಷ್ಟು ಪಾಡುಪಟ್ಟು ಹಿಡಿದದ್ದನ್ನು ವಾಪಸ್ ನೀರಿಗೇ ಬಿಡಬೇಕು. ಮೊಟ್ಟೆಯೂ ಬಾರದ ಮನೆಯವಳು ಇನ್ನೇನು ಮಾಡಲಿ?

ಹೊಳೆಗಿಳಿದು ಐದು ನಿಮಿಷವಾಗಿರಲಿಲ್ಲ. ಬಂಡೆಯ ಮಗ್ಗುಲಲ್ಲಿ ಒಂದು ಇವಾನಾ, ಅಂದರೆ ಇಲ್ಲಿನ ಬೆಟ್ಟಗಳ ಚುಕ್ಕೆಮೀನು, ನೀರಿನ ಮೇಲಿನ ಹುಳುವನ್ನು ಗುಳುಂ ಮಾಡಿದ್ದು ಕಂಡಿತು. ಗಾಳದ ಕೋಲು ಹಿಂದಕ್ಕೆ ಬೀಸಿದೆ. ಮುಂದಕ್ಕೆ ತರುವಷ್ಟರಲ್ಲಿ ಗಾಳಿ ಅಡ್ಡ ಬಂತು. ಬಲಗಿವಿಯನ್ನು ಯಾರೋ ಚಿವುಟಿದ ಹಾಗಾಯಿತು.

"ಬಾ ಇಲ್ಲಿ. ಕಿವಿ ನೋಡು."

ಗಂಡ ಬಹಳ ಹೊತ್ತು ನೋಡಿದ. "ಓಲೆ ಥರ ಚೆನ್ನಾಗೇ ಇದೆ ಕಣೆ."

"ತೆಗಿ ಮೊದಲು."

"ಬರ್ತಿಲ್ಲ. ಕೊಕ್ಕೆ ತುದಿಯ ಹಿಮ್ಮುಳ್ಳು ಒಳಗಡೆ ಕಚ್ಕೊಂಡಿದೆ. ಮೀನು ಬಿಡಿಸೋಕೆ ಸಲೀಸು ಅಂತ ನೀನು ಆ ಮುಳ್ಳನ್ನ ಪಕ್ಕಡ್‌ನಲ್ಲಿ ಅಮುಕಿಬಿಡ್ತೀನಿ ಅಂತಿದ್ಯಲ್ಲ?"

ಅಂತಿದ್ದೆ. ಊರಿಗೆಲ್ಲ ಹೇಳಿದ್ದೆ. ಅವಸರದಲ್ಲಿ ಈ ಒಂದಕ್ಕೆ ಮರೆತಿದ್ದೆ. ಅವನು ಸರಿಯಾಗಿ ಹೇಳಿದ್ದೇ ನನಗೆ ಇನ್ನಷ್ಟು ಉರಿ ತಂದಿತು.

ಹಳ್ಳಿಯ ಕ್ಲಿನಿಕ್ ಮಧ್ಯಾಹ್ನಕ್ಕೆ ಮುಚ್ಚುತ್ತದೆ ಎಂದು ತಿಳಿದು, ಒದ್ದೆ ಬೂಟಿನಲ್ಲೇ ಮುಕ್ಕಾಲು ಗಂಟೆ ನಡೆದೆವು. ಅಲ್ಲಿ ಒಂದು ಫಾರಂ. ಅಲರ್ಜಿ ಇದೆಯೇ, ಗರ್ಭಿಣಿಯೇ, ನೋವು ಎಲ್ಲಿ. ಮನುಷ್ಯನ ಚಿತ್ರದ ಕಿವಿಗೆ ಸುತ್ತು ಹಾಕಿದೆ. ಕೌಂಟರಿನ ಹೆಂಗಸು ಅದನ್ನು ನೋಡಿ, ದನಿ ಏರಿಸಿ, "ಕಿವಿ ಕೇಳಿಸುವುದಿಲ್ಲವೇ?" ಎಂದು ಕೇಳಿದಳು. ತಲೆ ತಿರುಗಿಸಿ ತೋರಿಸಿದೆ.

ಡಾಕ್ಟರು ಮುದುಕರು. ಕನ್ನಡಕ ಹಣೆಗೇರಿಸಿ ಕಿವಿಯ ಹತ್ತಿರ ಬಂದರು.

"ಈ ನೊಣ ನೀವೇ ಕಟ್ಟಿದ್ದೇ?"

"ಹೌದು, ಸೆನ್ಸೇ."

"ರೆಕ್ಕೆ ದಪ್ಪವಾಯಿತು. ಎಲ್ಲಿ ಹಿಡಿಯುತ್ತಿದ್ದಿರಿ?"

"ಸೇತುವೆ ಕೆಳಗೆ."

"ಅಲ್ಲಿಗೆ ಯಾರು ಹೋಗುತ್ತಾರೆ!"

ಮರಗಟ್ಟಲು ಇಂಜೆಕ್ಷನ್ ಕೊಟ್ಟು, ನನ್ನದೇ ಗಾಳದ ದಾರವನ್ನು ಕೊಕ್ಕೆಯ ಬಾಗಿಗೆ ಹಾಕಿ ಒಂದೇ ಸಲ ಜಗ್ಗಿದರು. ಕೊಕ್ಕೆ ಹಾರಿ ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿತು. ಪಟ್ಟಿ ಹಾಕಿ, ಇವತ್ತು ನೀರಿಗಿಳಿಯಬೇಡಿ ಎಂದರು. ಆಮೇಲೆ ಚೀಟಿಯ ಹಿಂದೆ, ಮೀನಿರುವ ಜಾಗಕ್ಕೆ ದಾರಿ ಬರೆದುಕೊಟ್ಟು, "ಮಾರ್ಚಿನಲ್ಲಿ" ಎಂದರು.

"ಮಾರ್ಚ್ ಅಂದ್ರು," ಹೊರಗೆ ಬಂದಮೇಲೆ ಗಂಡ ಹೇಳಿದ.

"ಕಿವಿ ನೆನೆಯಬಾರದು ಅಷ್ಟೇ. ಕಾಲಿಗೇನಾಗಿದೆ?"

ಡಾಕ್ಟರು ಹೇಳಿದ ಮಡುವಿನಲ್ಲಿ ಮೂರು ಮೀನು ಮೇಲೆದ್ದು ತಿನ್ನುತ್ತಿದ್ದವು. ಆದರೆ ಕೋಲು ಬೀಸಿದಾಗಲೆಲ್ಲ ಮೈ ತಾನಾಗಿಯೇ ಬಗ್ಗಿಬಿಡುತ್ತಿತ್ತು. ದಾರ ನೀರಿನ ಮೇಲೆ ಮುದ್ದೆಯಾಗಿ ಬೀಳುತ್ತಿತ್ತು. ಬಂಡೆಯ ಮೇಲಿಂದ ಗಂಡ, "ಬಗ್ಗಬೇಡ, ನೆಟ್ಟಗೆ ನಿಂತ್ಕೋ" ಎಂದು ಕಲಿಸತೊಡಗಿದ. ಕೊನೆಗೂ ಒಂದು ಮೀನು ಕಚ್ಚಿತು. ಆ ಭಾರ ಕೈಗೆ ಬಂದದ್ದೇ ನಾನು ಕೋಲನ್ನು ಜೋರಾಗಿ ಎಳೆದೆ. ಬಿಡಿಸಿಕೊಂಡು ಹೋಯಿತು. ಅಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಯಿತು.

ಇಚಿಕಾವಾ ಬರುವವರೆಗೂ ನಾನು ಗಂಡನ ಜೊತೆ ಮಾತಾಡಲಿಲ್ಲ. ಅವನದು ಏನೂ ತಪ್ಪಿರಲಿಲ್ಲ. ಏನಾದರೂ ಇದ್ದಿದ್ದರೆ ಅವತ್ತೇ ಜಗಳವಾಡಿ ಮುಗಿಸುತ್ತಿದ್ದೆ.