ಹಸಿರು ಶಾಮಿಯಾನದ ಕೆಳಗೆ ಉಂಡೆ ಕೊಬ್ಬರಿ

ತಿಪಟೂರಿನ ಮೆಕ್ಯಾನಿಕ್ ಗುಲಾಮ್ ರಸೂಲರ ಮಗಳು ಇಕ್ರಾಗೆ ಸುಮ್ಮನೆ ಕೂರುವುದೊಂದು ಬಿಟ್ಟು ಬೇರೆಲ್ಲ ಬರುತ್ತಿತ್ತು. ಚಿಕ್ಕವಳಿದ್ದಾಗ ಅಪ್ಪನ ಗ್ಯಾರೇಜಿನ ಬೈಕುಗಳ ಹೆಡ್‌ಲೈಟಿಗೆ ಬಣ್ಣದ ಹಾಳೆ ಅಂಟಿಸಿ ಗೋಡೆಯ ಮೇಲೆ ಕೆಂಪು, ಹಸಿರು, ನೀಲಿ ಬೆಳಕು ಬಿಡುತ್ತಿದ್ದಳು. ಮೂರೂ ಒಂದೇ ಕಡೆ ಬಿದ್ದರೆ ಗೋಡೆ ಬೆಳ್ಳಗಾಗುತ್ತದೆಂದು ಕಂಡುಕೊಂಡ ದಿನ ಕುಣಿದಾಡಿ, ಗ್ರೀಸ್ ಡಬ್ಬಿಯೊಳಗೆ ಕಾಲಿಟ್ಟಿದ್ದಳು.

ಡಿಪ್ಲೊಮಾ ಮುಗಿಸಿದ ಮೇಲೂ ಅದೇ ಹುಚ್ಚು. ಈ ಸಲ ಕಟ್ಟಿದ್ದು ಕೊಬ್ಬರಿ ವಿಂಗಡಿಸುವ ಮಿಷನ್: ಬೈಕಿನ ಚೈನು, ರಬ್ಬರ್ ಪಟ್ಟಿ, ಹಳೇ ಬಸ್ಸಿನ ವೈಪರ್, ಮೇಲೊಂದು ಕ್ಯಾಮೆರಾ. ಪಟ್ಟಿಯ ಮೇಲೆ ಬರುವ ಉಂಡೆ ಕೊಬ್ಬರಿಯ ಬಣ್ಣವನ್ನು ಕ್ಯಾಮೆರಾ ನೋಡಬೇಕು. ಹಸಿರು ಬೂಷ್ಟು ಹಿಡಿದಿದ್ದರೆ ವೈಪರ್ ಅದಕ್ಕೊಂದು ಬಾರಿಸಿ ಆಚೆ ತಳ್ಳಬೇಕು. ಚೆನ್ನಾಗಿದ್ದರೆ ಮಿಷನ್ "ಫಸ್ಟ್ ಕ್ಲಾಸ್!" ಎಂದು ಕೂಗಬೇಕು. ಕೂಗುವ ದನಿ ಇಕ್ರಾಳದೇ, ಅದರಲ್ಲೇನು ಸಂಕೋಚ?

ಗ್ಯಾರೇಜಿನ ಹಿಂದಿನ ಅರ್ಧವನ್ನು ಟೈರ್ ವ್ಯಾಪಾರಿಯೊಬ್ಬ ಕೇಳುತ್ತಿದ್ದ. ಇಕ್ರಾಗೆ ಅದು ತನ್ನ ವರ್ಕ್‌ಶಾಪಿಗೆ ಬೇಕಾಗಿತ್ತು.

"ಕಂದಿಕೆರೆ ಹುಚ್ಚಣ್ಣೋರು ಭಾನುವಾರ ಮಿಷಿನ್ ನೋಡಕ್ಕೆ ಬತ್ತಾರೆ. ಅವ್ರು ಮೆಚ್ಚಿದ್ರೆ ಜಾಗ ನಿಂದು. ಇಲ್ದಿದ್ರೆ ಟೈರ್‌ನೋರಿಗೆ. ಆಮೇಲೆ ಅತ್ರೆ ನಾನ್ ಕೇಳಲ್ಲ," ಎಂದರು ರಸೂಲರು.

ಹುಚ್ಚಣ್ಣ ತೆಂಗಿನ ತೋಟದವರು. ಮೆಚ್ಚುವುದೆಂದರೆ ಅವರಿಗೆ ಆಗಿಬರದು. ಹೆಂಡತಿ ಹೊಂಬಾಳಮ್ಮನ ಸಾರನ್ನು ಮದುವೆಯಾದಾಗಿನಿಂದ "ಪರ್ವಾಗಿಲ್ಲ" ಎಂದುಕೊಂಡೇ ಎರಡೆರಡು ಸಲ ಬಡಿಸಿಕೊಂಡವರು.

ಮಿಷನ್ ಮೊದಮೊದಲು ಇಕ್ರಾಳನ್ನು ಅಳಿಸಿತ್ತು. ಕಂಪ್ಯೂಟರು ಯಾವ ಬಣ್ಣವನ್ನಾದರೂ ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಎಂದು ಮೂರು ಪಾಲು ಮಾಡಿ ಹೇಳುತ್ತದೆ. ಒಂದು ಮೋಡ ಬಂದರೆ ಮೂರೂ ಒಟ್ಟಿಗೆ ಇಳಿದು, ಜೇನಿನ ಬಣ್ಣದ ಕೊಬ್ಬರಿಗೂ ಏಟು ಬೀಳುತ್ತಿತ್ತು. ಅವಳು ಲೆಕ್ಕದ ದಾರಿಯನ್ನೇ ಬದಲಿಸಿದಳು. ಯಾವ ಬಣ್ಣ, ಅದೆಷ್ಟು ಗಾಢ, ಬೆಳಕೆಷ್ಟು ಎಂದು ಬೇರೆ ಬೇರೆಯಾಗಿ ಕೇಳಿದಳು. ಈಗ ಮೋಡ ಬಂದಾಗ ಬೆಳಕಿನ ಪಾಲು ಮಾತ್ರ ಇಳಿಯಿತು, ಬಣ್ಣ ಇದ್ದಲ್ಲೇ ಇತ್ತು. ನೆರಳಿಗೆ ಹೋದ ಮಾತ್ರಕ್ಕೆ ಮನುಷ್ಯನ ಹೆಸರು ಬದಲಾಗುತ್ತದೆಯೇ? ಶನಿವಾರ ಸಂಜೆ ಮಿಷನ್ ಒಂದೂ ತಪ್ಪಲಿಲ್ಲ. ಇಕ್ರಾ ಹಿಗ್ಗಿ ಹೀರೇಕಾಯಿಯಾದಳು.

ಭಾನುವಾರ ಬೆಳಿಗ್ಗೆ ಬಂದು ನೋಡಿದರೆ, ಗ್ಯಾರೇಜಿನ ಮುಂದೆ ಮಿಷನ್ನಿನ ನೆತ್ತಿಗೆ ಸರಿಯಾಗಿ ಗಿಳಿಹಸಿರು ಶಾಮಿಯಾನ! ರಸೂಲರು ಒಗೆದ ಬಿಳಿ ಟೋಪಿ ಹಾಕಿಕೊಂಡು ಹಗ್ಗ ಬಿಗಿಯುತ್ತಿದ್ದರು.

"ದೊಡ್ಡೋರು ಬತ್ತಾರಲ್ಲ ಬೇಟಿ, ಬಿಸ್ಲು ಅಂತ ಕಟ್ಟಿಸ್ದೆ."

ಹುಚ್ಚಣ್ಣ ಹೆಂಡತಿಯೊಂದಿಗೆ ಬಂದು ಕೊಬ್ಬರಿ ಚೀಲ ಬಿಚ್ಚಿದರು. ಬಿಸಿಲು ಏರಿತ್ತು. ಮೊದಲನೆಯ ಕೊಬ್ಬರಿ ಬಂತು, ವೈಪರ್ ಬಾರಿಸಿತು. ಎರಡನೆಯದಕ್ಕೂ ಬಾರಿಸಿತು. ಆಮೇಲೆ ಅದಕ್ಕೆ ಮೈಮೇಲೆ ಬಂದಂತಾಗಿ, ಬಂದದ್ದಕ್ಕೆಲ್ಲ ಬಾರಿಸುತ್ತಲೇ ಹೋಯಿತು. ಒಂದು ಕೊಬ್ಬರಿ ಹಾರಿ ಟೀ ಪಾತ್ರೆಗೆ ಬಿತ್ತು.

"ಏನ್ ಸಾಬ್ರೇ, ನಿಮ್ ಮಿಷಿನ್ನು ನನ್ ಕೊಬ್ರಿಗೆ ಕಪಾಳಕ್ಕೇ ಹೊಡೀತೈತಲ್ರೀ!" ಎಂದರು ಹುಚ್ಚಣ್ಣ.

ಇಕ್ರಾ, ಜಾಗ ಹೋಯಿತು ಎಂದುಕೊಂಡು ತಲೆಯೆತ್ತಿದಳು. ಶಾಮಿಯಾನದಿಂದ ಬಿಸಿಲು ಹಸಿರಾಗಿ ಸೋರುತ್ತಿತ್ತು. ಹುಚ್ಚಣ್ಣ ಹಸಿರು, ಹೊಂಬಾಳಮ್ಮ ಹಸಿರು, ಕೊಬ್ಬರಿಯೂ ಹಸಿರು. ಮಿಷನ್ನಿನ ಕಣ್ಣಿಗೆ ಲೋಕಕ್ಕೇ ಬೂಷ್ಟು ಹಿಡಿದಿತ್ತು.

ಅವಳು ಮೇಲೆ ನೋಡಿದ್ದನ್ನು ಕಂಡು ರಸೂಲರಿಗೂ ಅರ್ಥವಾಯಿತು. "ನಾನೇ ಕೆಡಿಸ್ದೆ ಬೇಟಿ. ಬಿಚ್ಚಾಕ್ತೀನಿ ತಡಿ," ಎಂದು ಹಗ್ಗಕ್ಕೆ ಕೈಹಾಕಿದರು. ಮುಖ ಸಣ್ಣಗಾಗಿತ್ತು.

ಅತ್ತರೆ ಕೇಳಲ್ಲ ಎಂದ ಮನುಷ್ಯ ಮಗಳಿಗಾಗಿ ಚಪ್ಪರ ಹಾಕಿಸಿದ್ದರು. ಇಕ್ರಾಗೆ ಅಳುವೂ ನಗುವೂ ಒಟ್ಟಿಗೆ ಬಂದವು.

"ಬ್ಯಾಡ ಅಬ್ಬಾ, ಬಿಚ್ಬೇಡಿ. ನಿಮ್ ಟೋಪಿ ಕೊಡಿ."

ರಸೂಲರು ಟೋಪಿ ತೆಗೆದು, ಒಮ್ಮೆ ಕೊಡವಿ, ತಾವೇ ಕ್ಯಾಮೆರಾದ ಕೆಳಗಿಟ್ಟರು. ಕಂಪ್ಯೂಟರಿನ ಪರದೆಯಲ್ಲಿ ಅದೂ ಹಸಿರಾಗಿಯೇ ಕಂಡಿತು. "ಇದು ಬಿಳಿ ಕಣಪ್ಪ. ಇದನ್ನ ಬಿಳಿ ಅಂತಿಟ್ಕೊಂಡು ಮಿಕ್ಕಿದ್ದನ್ನ ನೋಡು," ಎಂದು ಗೊಣಗುತ್ತ ಇಕ್ರಾ ಕೀಲಿಗಳನ್ನು ಕುಟ್ಟಿದಳು. ಟೋಪಿ ಬೆಳ್ಳಗಾಗುವಷ್ಟು ಹಸಿರನ್ನು ಕಂಪ್ಯೂಟರು ಎಲ್ಲದರಿಂದಲೂ ಕಳೆದುಹಾಕಿತು.

"ಫಸ್ಟ್ ಕ್ಲಾಸ್! ಫಸ್ಟ್ ಕ್ಲಾಸ್!"

ಹುಚ್ಚಣ್ಣ ಪರೀಕ್ಷೆಗೆಂದು ಮೆಲ್ಲಗೆ ಸೇರಿಸಿದ ಬೂಷ್ಟಿನದಕ್ಕೆ ಮಾತ್ರ ಏಟು ಬಿತ್ತು. ಇದೇನು ಮಾಯವೆಂದು ಅವರು ಪಟ್ಟಿಯ ಮೇಲೆ ಬಗ್ಗಿದರು. ಬಿಸಿಲಿಗೆ ಮಾಗಿದ ಅವರ ಬೋಳುತಲೆ ಕ್ಯಾಮೆರಾದ ಕೆಳಗೆ ಬಂತು.

"ಫಸ್ಟ್ ಕ್ಲಾಸ್!"

ಹೊಂಬಾಳಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕೂ ನಕ್ಕೂ ಕೂತುಬಿಟ್ಟರು. "ನಾನಂತೂ ಯಾವತ್ತೂ ಅಂಗಂದಿಲ್ಲ ಕಣಮ್ಮ!"

ಹುಚ್ಚಣ್ಣ ತಲೆ ಸವರಿಕೊಂಡು, "ಪರ್ವಾಗಿಲ್ಲ," ಎಂದರು.

"ಮೆಚ್ಚವ್ರೆ ಅಂತ ತಿಳ್ಕೊ ತಾಯಿ. ಇದಕ್ಕಿಂತ ಜಾಸ್ತಿ ಆ ಬಾಯಲ್ಲಿ ಬರಲ್ಲ," ಎಂದರು ಹೊಂಬಾಳಮ್ಮ.

ಇಕ್ರಾ ಕುಣಿಯುತ್ತಲೇ ಅಪ್ಪನ ಬಳಿ ಓಡಿದಳು. "ಹಿಂದಿನ ಅರ್ಧ ನಂದೇ ಅಲ್ವಾ ಅಬ್ಬಾ?"

"ಇಲ್ಲ," ಎಂದರು ರಸೂಲರು, ಟೋಪಿ ಹಾಕಿಕೊಳ್ಳುತ್ತ.

ಇಕ್ರಾ ನಿಂತಲ್ಲೇ ನಿಂತಳು.

"ಹಿಂದ್ಗಡೆ ಕತ್ಲು. ಅಲ್ಲಿ ನಿನ್ ಮಿಷಿನ್ನಿಗೆ ಯಾವ್ ಬಣ್ಣ ಕಾಣ್ತದೆ? ನೀನು ಮುಂದೆ ಇರು. ಹಿಂದಕ್ಕೆ ನಾನ್ ಹೋಯ್ತೀನಿ."