ಮೂರು ಗಾಜು, ಒಂದು ಗ್ಯಾಲಕ್ಸಿ

ಹೈದರಾಬಾದಿನ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ ನಾನು ಭಾಲ್ಕಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ವಯಸ್ಸು ಇಪ್ಪತ್ತೆರಡು, ತಲೆಯಲ್ಲಿ ಒಂದೇ ಹುಚ್ಚು: ನಕ್ಷತ್ರ. ನಿಜಾಮನ ಕಾಲದಲ್ಲಿ ನಾನು ಓದಿದ್ದೆಲ್ಲ ಉರ್ದುವಿನಲ್ಲಿ. ನನ್ನ ಉರ್ದು ವಿಜ್ಞಾನದ ಪುಸ್ತಕದಲ್ಲಿ ಒಂದು ಗ್ಯಾಲಕ್ಸಿಯ ಚಿತ್ರವಿತ್ತು, ಜಿಲೇಬಿಯಂತೆ ಸುರುಳಿ ಸುರುಳಿಯಾಗಿ. ಇದು ಬರಿಗಣ್ಣಿಗೂ ಮಸುಕಾಗಿ ಕಾಣುತ್ತದೆ ಎಂದು ಕೆಳಗೆ ಬರೆದಿತ್ತು. ಬರಿಗಣ್ಣಿಗೆ ಕಾಣುವುದು ಕ್ಯಾಮೆರಾಕ್ಕೆ ಕಾಣದೆ ಇರುತ್ತದೆಯೇ? ಈ ಪ್ರಶ್ನೆ ತಲೆಹೊಕ್ಕ ಮೇಲೆ ನನಗೆ ಊಟವೂ ರುಚಿಸಲಿಲ್ಲ.

ಕ್ಯಾಮೆರಾ ಇದ್ದದ್ದು ಬೀದರಿನಲ್ಲಿ, ಚೌಬಾರ ಗೋಪುರದ ಹತ್ತಿರ ಫೋಟೋ ಅಂಗಡಿ ಇಟ್ಟಿದ್ದ ಉಸ್ತಾದರ ಬಳಿ. ಮದುವೆ ಜೋಡಿಗಳ ಚಿತ್ರ ತೆಗೆಯುವ ಮರದ ಪೆಟ್ಟಿಗೆ ಅದು. ಅದರೊಳಗೆ ಗಾಜಿನ ಪ್ಲೇಟು ಇಟ್ಟು ಚಿತ್ರ ತೆಗೆಯಬೇಕು. ಬೇಸಿಗೆಯಿಂದ ದುಂಬಾಲು ಬಿದ್ದು ಅದನ್ನು ಭಾಲ್ಕಿಗೆ ತಂದಿದ್ದೆ. ತಂದ ವಾರವೇ ಮಳೆ ಹಿಡಿಯಿತು.

ಅಂಥ ಮಳೆ ನಾನು ಮತ್ತೆ ಕಂಡಿಲ್ಲ. ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಬಂತು. ನಡುವೆ ರಜಾಕಾರರ ಗಲಾಟೆ, ಆಮೇಲೆ ಸೈನ್ಯ, ಕರ್ಫ್ಯೂ. ನಮ್ಮ ಮನೆಗಳಲ್ಲಿದ್ದ ಭಯ ಎದ್ದುಹೋಗಿ ಉಸ್ತಾದರಂಥವರ ಮನೆಗಳಲ್ಲಿ ಕೂತಿತು. ಮೋಡ ಸರಿದು ಕರ್ಫ್ಯೂ ಸಡಿಲವಾಗುವಷ್ಟರಲ್ಲಿ ದೀಪಾವಳಿ ಮುಗಿದಿತ್ತು. ಉಸ್ತಾದರು ಅಂಗಡಿ ಮುಚ್ಚಿ ಹೈದರಾಬಾದಿಗೆ ಹೋಗಿಬಿಡುವ ತಯಾರಿಯಲ್ಲಿದ್ದರು.

"ಮೂರು ಪ್ಲೇಟ್ ಉಳದಾವ ಮಾಸ್ತರ್. ಪೇಪರ್ ಅಂತೂ ಒಂದೂ ಇಲ್ಲ. ಹೊಸಾ ಮಾಲು ಬರಂಗಿಲ್ಲ. ತೊಗೊಂಡು ಹೋಗ್ರಿ, ನಿಮ್ಮ ಹುಚ್ಚು ತೀರಿಸ್ಕೋರಿ" ಎಂದರು. ಪೇಪರ್ ಇಲ್ಲವೆಂದರೆ ಅಚ್ಚು ಹಾಕುವಂತಿಲ್ಲ. ಗಾಜನ್ನೇ ಬೆಳಕಿಗೆ ಹಿಡಿದು ನೋಡಬೇಕು. ಅದರಲ್ಲಿ ಎಲ್ಲ ಉಲ್ಟಾ: ಆಕಾಶ ಬಿಳಿ, ಚುಕ್ಕಿ ಕರಿ.

ಭೂಮಿ ತಿರುಗುತ್ತದೆ, ಚುಕ್ಕಿ ನಿಲ್ಲುವುದಿಲ್ಲ. ಅದಕ್ಕೊಂದು ಉಪಾಯ ಮಾಡಿದೆ. ಎರಡು ಹಲಗೆಗಳನ್ನು ಬಾಗಿಲ ಕೀಲಿನಿಂದ ಜೋಡಿಸಿ, ಕೀಲನ್ನು ಧ್ರುವನ ಕಡೆ ತಿರುಗಿಸಿ, ಮೇಲಿನ ಹಲಗೆಗೆ ಕ್ಯಾಮೆರಾ ಕಟ್ಟಿದೆ. ಗಡಿಯಾರ ನೋಡುತ್ತ ಒಂದು ಸ್ಕ್ರೂ ತಿರುಗಿಸಿದರೆ ಹಲಗೆ ಚುಕ್ಕಿಯ ಜೊತೆ ಮೆಲ್ಲಗೆ ಏಳುತ್ತಿತ್ತು. ಮಾಳಿಗೆಯ ಮೇಲೆ ಅರ್ಧ ತಾಸು ಹೀಗೆ ತಿರುಗಿಸುತ್ತ ಕೂತರೆ ಕತ್ತು ಮುರಿದುಹೋಗುತ್ತಿತ್ತು. ಸುಖವಾಗಿತ್ತು.

ಆಗಿನ್ನೂ ಶಾಲೆಗೆ ಶುಕ್ರವಾರವೇ ರಜೆ. ಬೆಳಗಿನ ರೈಲಿಗೆ ಬೀದರಿಗೆ ಹೋಗಿ ಪ್ಲೇಟು ಕೊಟ್ಟರೆ ಮುಂದಿನ ಶುಕ್ರವಾರ ತೊಳೆದು ಸಿಗುತ್ತಿತ್ತು. ಉಸ್ತಾದರು ತೊಳೆದ ಗಾಜು ಒಳಮನೆಗೆ ಹೋಗುತ್ತಿತ್ತು. ಅಲ್ಲಿ ಪರದೆಯ ಹಿಂದೆ ಅವರ ಹೆಂಡತಿ. ಅಕ್ಕ ಎಂಬರ್ಥದಲ್ಲಿ ನಾನು ಆಪಾ ಎನ್ನುತ್ತಿದ್ದೆ, ಮುಖ ಕಂಡವನಲ್ಲ. ಬೀದರಿನ ಅರ್ಧ ಊರಿನ ಸಿಡುಬಿನ ಕಲೆಗಳನ್ನು ಪೆನ್ಸಿಲ್ಲು, ಸಣ್ಣ ಚಾಕು ಹಿಡಿದು ಗಾಜಿನ ಮೇಲಿಂದ ತೆಗೆದವರು ಅವರೇ. ಮಳೆಗಾಲದ ಗಾಜಿಗೆ ಬೂಷ್ಟಿನ ಕಲೆ ಹೆಚ್ಚೆಂದು ನಾನೇ ಹೇಳಿ ಕಳಿಸಿದ್ದೆ: "ದುಂಡನ ಚುಕ್ಕಿ ಬಿಟ್ಟು ಉಳದದ್ದೆಲ್ಲ ಚೊಕ್ಕ ಮಾಡ್ರಿ ಆಪಾ."

ಮೊದಲನೆಯ ಗಾಜು ಬಂತು. ಕಿಟಕಿಗೆ ಹಿಡಿದೆ. ಚುಕ್ಕಿಗಳಿದ್ದವು, ಜಿಲೇಬಿ ಇರಲಿಲ್ಲ. ಎರಡನೆಯದೂ ಹಾಗೆಯೇ. ಪುಸ್ತಕ ಬರೆದವನಿಗೆ ಮನಸಾರೆ ಬೈದೆ. ಮೂರನೆಯದಕ್ಕೆ ಬೆಳದಿಂಗಳು ಕಳೆಯಲೆಂದು ಎರಡು ವಾರ ಕಾದೆ. ಅದೇ ಕೊನೆಯದು. ಅದೂ ಹೋದರೆ ಕ್ಯಾಮೆರಾ, ಉಸ್ತಾದರು, ನನ್ನ ಪ್ರಶ್ನೆ ಎಲ್ಲ ಹೈದರಾಬಾದಿನ ರೈಲು ಹತ್ತಿದಂತೆ.

ಅದನ್ನು ತರಲು ಹೋದ ಶುಕ್ರವಾರ ಅಂಗಡಿಯಲ್ಲಿ ಬರೀ ಗಂಟುಮೂಟೆ, ಅದನ್ನು ಕಟ್ಟುತ್ತ ಉಸ್ತಾದರು. ಒಳಗಿನಿಂದ ಆಪಾ ಕರೆದರು. ಪರದೆಯ ಈಚೆ ನಿಂತೆ.

"ಮಾಸ್ತರ್, ಈ ಸರ್ತಿ ಒಂದು ಕಲೆ ಬಿಟ್ಟೀನ್ರಿ. ತೆಗಿಲಾಕ ಕೈ ಬರಲಿಲ್ಲ."

"ಯಾಕ್ರಿ ಆಪಾ?"

"ಹೋದ ಎರಡೂ ಗಾಜಿನ್ಯಾಗ ಇದೇ ಕಲೆ ಇತ್ತರಿ, ಇದೇ ಎರಡು ಚುಕ್ಕಿ ಬಾಜೂಕ. ಬೂಷ್ಟು ಎಲ್ಲಿ ಬೇಕಲ್ಲಿ ಬೀಳ್ತದ. ಹಿಂಗ ಜಾಗಾ ನೋಡಿ ಕೂಡಂಗಿಲ್ಲ."

"ಆ ಎರಡ್ರಾಗಿಂದು ಏನು ಮಾಡಿದ್ರಿ?"

"ಕೆರದು ಹಾಕಿದೆ. ನೀವೇ ಹೇಳಿದ್ರಲ್ಲರಿ!"

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಯೋಚಿಸಿದಾಗ ನನ್ನ ಮೇಲೆಯೇ ಬಂತು. ಗಾಜನ್ನು ಈಚೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ, ಓರೆಯಾದ ಮಸುಕು. ಸುರುಳಿ ಇಲ್ಲ, ಏನಿಲ್ಲ. ಆದರೆ ಅದೇ. ಕಣ್ಣಲ್ಲಿ ನೀರು ಬಂದದ್ದನ್ನು ಉಸ್ತಾದರು ನೋಡಿದರು. ನೋಡಲಿ ಎಂದು ಬಿಟ್ಟೆ.

"ಏನ್ರಿ ಅದು?" ಆಪಾ ಕೇಳಿದರು. ನಾನು ಹೇಳಿದೆ: ನಮ್ಮ ಆಕಾಶಗಂಗೆಯಂಥದೇ ಇನ್ನೊಂದು, ಎಣಿಸಲಾಗದಷ್ಟು ಸೂರ್ಯರು, ಅಲ್ಲಿಂದ ಬೆಳಕು ಬರಲು ಲಕ್ಷಗಟ್ಟಲೆ ವರ್ಷ. ಆಪಾ "ಯಾ ಅಲ್ಲಾ, ಚಾಕೂಲೆ ಕೆರದೆನಲ್ಲರಿ" ಎಂದರು. ಮೂವರೂ ನಕ್ಕೆವು. ಆ ಮನೆಯಲ್ಲಿ ಎಷ್ಟು ತಿಂಗಳ ಮೇಲೆ ನಗು ಕೇಳಿತೋ.

ಅದನ್ನು ಆಪಾಗೆ ಆಕಾಶದಲ್ಲೇ ತೋರಿಸಲೆಂದು ಸಂಜೆಯ ರೈಲು ಹತ್ತದೆ ಉಳಿದೆ. ಕತ್ತಲಾದ ಮೇಲೆ ಆಪಾ ಒಳಅಂಗಳದಲ್ಲಿ, ಉಸ್ತಾದರು ಬಾಗಿಲಲ್ಲಿ, ನಾನು ಪರದೆಯ ಈಚೆ. ನನಗೆ ಆಕಾಶ ಕಾಣುತ್ತಿರಲಿಲ್ಲ, ನೆನಪಿನಿಂದ ಹೇಳುತ್ತಿದ್ದೆ. "ನಾಕು ಚುಕ್ಕಿ, ಹೊರಸಿನ ನಾಕು ಕಾಲಿನಂಗ. ಉತ್ತರದ ಕಡಿ ಮೂಲಿ ಕಾಲಿನಿಂದ ಎರಡು ಚುಕ್ಕಿ ಮುಂದ ಹೋಗ್ರಿ. ಅಲ್ಲಿಂದ ಅಡ್ಡ ಹೊಳ್ಳಿದ್ರ ಎರಡು ಸಣ್ಣವು, ಅದರ ಬಾಜೂಕ ನೋಡ್ರಿ."

ಉಸ್ತಾದರು ಏನೂ ಇಲ್ಲ ಎಂದು ಗೊಣಗಿದರು. ಸಣ್ಣ ಕಲೆ ಹುಡುಕಿ ಪಳಗಿದ ಆ ಕಣ್ಣಿಗೆ ಮಾತ್ರ ಸಿಕ್ಕಿತು. "ಅದರಿ! ಗಾಜಿನ್ಯಾಗ ಇದ್ದಂಗೇ ಓರೆ ಕೂತದ." ಆ ದನಿಯಲ್ಲಿದ್ದ ಖುಷಿಗೆ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಗ್ಯಾಲಕ್ಸಿಯನ್ನು ನನಗಿಂತ ಮೊದಲು ಕಂಡವರು ಅವರು, ಅದೂ ಮೂರು ಸಲ.

ಹೊರಡುವಾಗ ಆಪಾ ಮೆಲ್ಲಗೆ ಕೇಳಿದರು. "ಮಾಸ್ತರ್, ಆ ಗಾಜು ನನಗ ಕೊಡ್ತೀರೇನ್ರಿ?"

ಉಸ್ತಾದರು ಗದರಿದರು. ಗಾಜು ನನ್ನ ಕೋಟಿನ ಒಳಜೇಬಿನಲ್ಲಿತ್ತು, ಕೈ ಅದರ ಮೇಲಿತ್ತು. ನನ್ನಲ್ಲಿದ್ದದ್ದು ಅದೊಂದೇ.

"ನಿಮಗ ಮಾಳಗಿ ಅದ, ಬೇಕಾದಾಗ ನೋಡ್ಕೋತೀರಿ" ಎಂದರು ಆಪಾ. "ಹೈದರಾಬಾದಿನ್ಯಾಗ ನಮಗ ಸಿಕ್ಕ ಮನಿಗಿ ಅಂಗಳಾನೇ ಇಲ್ಲರಿ."

ನಾನು ಬಗ್ಗಿ ಗಾಜನ್ನು ಪರದೆಯ ಕೆಳಗಿನಿಂದ ಒಳಗೆ ಸರಿಸಿದೆ.