ಹಿಡಿದರೆ ನಿಂತ ನಡುಕ

ರಾಯಬಾಗದಿಂದ ಚಿಕ್ಕೋಡಿಗೆ ಹೊರಟಿದ್ದ ಬಸ್ಸಿನಲ್ಲಿ, ಪಕ್ಕದ ಅಜ್ಜಿಯ ತೊಡೆಯ ಮೇಲಿದ್ದ ಎಳೆಗೂಸಿನ ಕೈ ಒಮ್ಮೆಲೇ ನಡುಗತೊಡಗಿತು.

“ಯವ್ವಾ, ಫಿಟ್ಸ್ ಬಂತಲ್ಲ!” ಎಂದು ಅಜ್ಜಿ ಸೊಂಟದ ಕಬ್ಬಿಣದ ಕೀಲಿಕೈ ತೆಗೆದು ಕೂಸಿನ ಅಂಗೈಗೆ ಒತ್ತಲು ಹೋದರು.

“ತಡೀರಿ ಆಯಿ” ಎಂದು ನಾನು ಆ ಪುಟ್ಟ ಕೈಯನ್ನು ಮೆಲ್ಲಗೆ ಹಿಡಿದೆ. ನಡುಕ ನಿಂತಿತು. ಕೂಸು ನನ್ನನ್ನೇ ನೋಡುತ್ತಿತ್ತು.

“ಫಿಟ್ಸ್ ಆದ್ರ ಹಿಡಿದ್ರೂ ನಿಲ್ಲೂದಿಲ್ಲ ಅಂತ ದವಾಖಾನ್ಯಾಗ ಹೇಳಿದ್ರು. ಇದು ಬ್ಯಾರೆ ಇರಬೇಕ್ರಿ. ಆದ್ರೂ ಇಳದ ಕೂಡ್ಲೆ ಡಾಕ್ಟರಿಗೆ ತೋರಸ್ರಿ.”

“ನಿನಗ ಯಾವಾಗ ಹೇಳಿದ್ರಬೇ?”

ಹೋದ ವರ್ಷ ನನ್ನ ಮಗಳ ಕೈಯನ್ನು ಎರಡೂ ಕೈಗಳಿಂದ ಹಿಡಿದಿದ್ದೆ, ನಡುಕ ನಿಂತಿರಲಿಲ್ಲ. ಅವಳ ಅಂಗೈಗೂ ಕೀಲಿಕೈ ಕೊಟ್ಟು, ಈಗ ನಿಂತೀತೆಂದು ಬಹಳ ಹೊತ್ತು ಕಾದಿದ್ದೆವು. ದವಾಖಾನೆಯಲ್ಲಿ ಹೇಳಿದ್ದು ಆಮೇಲೆ, ತಡವಾದ ಮೇಲೆ.

ಚಿಕ್ಕೋಡಿ ಬರುವವರೆಗೂ ಆ ಕೂಸು ನನ್ನ ಬೆರಳು ಬಿಡಲಿಲ್ಲ.